ಚಾವಣಿ ಇರಬೇಕೋ, ಬೇಡವೋ? ಒಂದು ಕಾರಿನ ಇತಿಹಾಸ

ಮೋಟಾರು ಕಾರಿಗೆ ಚಾವಣಿ ಇರಬೇಕೋ ಬೇಡವೋ ಎಂಬ ಪ್ರಶ್ನೆ ನಮ್ಮಂಥವರಿಗೆ ತಮಾಷೆಯಾಗಿ ತೋರಬಹುದು. ಬೆಳಗಾದರೆ ಬಸ್ಸಿಗೋ ಲೋಕಲ್ ರೈಲಿಗೋ ಓಡುವ ಜನ ನಾವು. ಮಳೆಗಾಲದಲ್ಲಿ ತಲೆ ನೆನೆಯದಂತೆ ಮನೆ ಸೇರಿದರೆ ಅದೇ ದೊಡ್ಡ ಭಾಗ್ಯ. ಹಾಗಿರುವಾಗ ಲಕ್ಷಗಟ್ಟಲೆ ಹಣ ಕೊಟ್ಟು ಚಾವಣಿ ಇಲ್ಲದ ಗಾಡಿಯನ್ನು ಕೊಳ್ಳುವವರೂ ಉಂಟೇ ಎಂದು ಯಾರಾದರೂ ಕೇಳಿದರೆ ತಪ್ಪಲ್ಲ. ಆದರೆ ಅತಿವೇಗದ ಕಾರುಗಳ ಚರಿತ್ರೆಯಲ್ಲಿ ಈ ಪ್ರಶ್ನೆ ಬಹಳ ಹಳೆಯದು. ಕೊಳ್ಳುವವರು ಇದನ್ನು ಅಭಿರುಚಿಯ ಪ್ರಶ್ನೆಯೆಂದು ತಿಳಿಯುತ್ತಾರೆ. ಕಟ್ಟುವವರಿಗೆ ಮಾತ್ರ ಅದು ಕಾರಿನ ಎಲುಬುಗೂಡಿನ ಪ್ರಶ್ನೆ. ಇದು ಹೇಗೆಂಬುದನ್ನು ಒಂದೇ ಒಂದು ಕಾರಿನ ಕಥೆಯ ಮೂಲಕ ಹೇಳುವುದು ಈ ಲೇಖನದ ಉದ್ದೇಶ.

ಮೊದಲು ಎರಡು ಹೆಸರುಗಳ ವಿಚಾರ. ಗಟ್ಟಿಯಾದ ಚಾವಣಿಯುಳ್ಳ, ಸಾಮಾನ್ಯವಾಗಿ ಎರಡು ಬಾಗಿಲಿನ ಕಾರಿಗೆ 'ಕೂಪೆ' ಎನ್ನುತ್ತಾರೆ. ಇದು ಫ್ರೆಂಚ್ ಭಾಷೆಯಲ್ಲಿ 'ಕತ್ತರಿಸಿದ್ದು' ಎಂಬ ಅರ್ಥದ ಮಾತು. ಕುದುರೆ ಸಾರೋಟಿನ ಕಾಲದಲ್ಲಿ, ದೊಡ್ಡ ಮುಚ್ಚು ಗಾಡಿಯ ಅರ್ಧ ಭಾಗವನ್ನು ಕತ್ತರಿಸಿ ತೆಗೆದಂತೆ ಕಾಣುತ್ತಿದ್ದ ಇಬ್ಬರು ಕೂರುವ ಗಾಡಿಗೆ ಈ ಹೆಸರು ಬಂತು. ಚಾವಣಿ ಇಲ್ಲದ, ಬೇಕಾದಾಗ ಬಟ್ಟೆಯ ಹುಡ್ ಎಳೆದುಕೊಳ್ಳಬಹುದಾದ ಇಬ್ಬರ ಕಾರಿಗೆ 'ರೋಡ್‌ಸ್ಟರ್' ಎಂದು ಹೆಸರು. ಮುಂಬಯಿಯ ವಿಕ್ಟೋರಿಯಾ ಕುದುರೆಗಾಡಿಯನ್ನು ನೋಡಿದವರಿಗೆ ಮಡಚುವ ಹುಡ್ ಹೇಗಿರುತ್ತದೆಂದು ವಿವರಿಸಬೇಕಾಗಿಲ್ಲ. ಮೊದಮೊದಲ ಕಾರುಗಳೆಲ್ಲ ಬಹುತೇಕ ತೆರೆದವುಗಳೇ. ಮುಚ್ಚಿದ ಕಾರು ಆಗ ಶ್ರೀಮಂತರ ಸ್ವತ್ತು. 1920ರ ದಶಕ ಮುಗಿಯುವುದರೊಳಗೆ ಈ ಲೆಕ್ಕ ತಲೆಕೆಳಗಾಯಿತು. ಮುಚ್ಚಿದ ಕಾರು ಸಾಮಾನ್ಯವಾಯಿತು, ತೆರೆದ ಕಾರು ಶೋಕಿಯ ವಸ್ತುವಾಯಿತು.

ನಾನು ಹೇಳಹೊರಟಿರುವುದು ಜರ್ಮನಿಯ ಮರ್ಸಿಡಿಸ್-ಬೆಂಜ್ 300 ಎಸ್‌ಎಲ್ ಎಂಬ ಕಾರಿನ ಕಥೆ. ಸೂಪರ್‌ಕಾರುಗಳ ಪೈಕಿ ಇದೇ ಮೊದಲನೆಯದು ಎನ್ನುವವರು ಅನೇಕರಿದ್ದಾರೆ. ಆ ಕಂಪನಿಯ ಮೂರು ಕೋನದ ನಕ್ಷತ್ರ ನಮ್ಮ ದೇಶಕ್ಕೂ ಅಪರಿಚಿತವಲ್ಲ. 1954ರಲ್ಲಿ ಟಾಟಾದವರ ಟೆಲ್ಕೋ ಸಂಸ್ಥೆ ಡೈಮ್ಲರ್-ಬೆಂಜ್ ಕಂಪನಿಯ ಸಹಯೋಗದಿಂದ ಜಮ್‌ಶೆಡ್‌ಪುರದಲ್ಲಿ ಲಾರಿ ತಯಾರಿಸಲು ಆರಂಭಿಸಿತು. 1969ರವರೆಗೂ ಆ ಒಪ್ಪಂದ ನಡೆಯಿತು. ನಮ್ಮ ಹೆದ್ದಾರಿಗಳಲ್ಲಿ ಸಿಮೆಂಟು, ಈರುಳ್ಳಿ ಹೊತ್ತು ಏದುಸಿರು ಬಿಡುತ್ತಿದ್ದ ಲಾರಿಯ ಮೂಗಿನ ಮೇಲಿದ್ದ ನಕ್ಷತ್ರವೇ, ಅದೇ 1954ರಲ್ಲಿ, ಜಗತ್ತಿನ ಅತಿ ವೇಗದ ಮಾರಾಟದ ಕಾರಿನ ಮೂಗಿನ ಮೇಲೂ ಇತ್ತು.

ಬಡತನದಲ್ಲಿ ಹುಟ್ಟಿದ ಬಾಗಿಲು

ಎರಡನೆಯ ಮಹಾಯುದ್ಧ ಮುಗಿದಾಗ ಡೈಮ್ಲರ್-ಬೆಂಜ್ ಕಾರ್ಖಾನೆಗಳು ಬಾಂಬು ಬಿದ್ದು ಹಾಳಾಗಿದ್ದವು. ಕಂಪನಿ ಚೇತರಿಸಿಕೊಂಡು 1952ರಲ್ಲಿ ಮತ್ತೆ ಓಟದ ಪಂದ್ಯಗಳಿಗೆ ಇಳಿಯಲು ನಿಶ್ಚಯಿಸಿತು. ಆದರೆ ಪಂದ್ಯಕ್ಕೆಂದೇ ಹೊಸ ಎಂಜಿನ್ ಕಟ್ಟುವಷ್ಟು ಅನುಕೂಲವಿರಲಿಲ್ಲ. ಕೈಯಲ್ಲಿದ್ದುದು 300 ಎಂಬ ದೊಡ್ಡ ಸಂಸಾರಸ್ಥ ಕಾರಿನ ಮೂರು ಲೀಟರಿನ ಆರು ಸಿಲಿಂಡರ್ ಎಂಜಿನ್. ಎಷ್ಟು ತಿದ್ದಿದರೂ ಅದರಿಂದ ಹೊರಟದ್ದು 170ರ ಆಸುಪಾಸಿನ ಅಶ್ವಶಕ್ತಿ. ಫೆರಾರಿ, ಜಾಗ್ವಾರ್‌ಗಳ ಮುಂದೆ ಅದು ಸಾಲದು.

ಈ ಕೊರತೆಯನ್ನು ತುಂಬುವ ಹೊಣೆ ಬಿದ್ದದ್ದು ರುಡಾಲ್ಫ್ ಊಲೆನ್‌ಹೌಟ್ ಎಂಬ ಇಂಜಿನಿಯರ್ ಮೇಲೆ. ಶಕ್ತಿ ಕಡಿಮೆಯಿದ್ದರೆ ತೂಕ ಕಡಿಮೆ ಮಾಡಬೇಕು, ಗಾಳಿಯ ತಡೆ ಕಡಿಮೆ ಮಾಡಬೇಕು. ಇದು ಅವರ ಸರಳ ಲೆಕ್ಕ. ಗಾಳಿಯ ತಡೆಗಾಗಿ ಕಾರನ್ನು ನುಣುಪಾದ ಚಾವಣಿಯಿಂದ ಮುಚ್ಚಿದರು. ತೂಕಕ್ಕಾಗಿ ಭಾರವಾದ ಚಾಸಿಸ್ಸನ್ನು ಬಿಟ್ಟು, ತೆಳುವಾದ ಉಕ್ಕಿನ ಕೊಳವೆಗಳನ್ನು ತ್ರಿಕೋನಗಳಾಗಿ ಬೆಸೆದು ಒಂದು ಪಂಜರವನ್ನು ಕಟ್ಟಿದರು. ಅದರ ತೂಕ ಸುಮಾರು 50 ಕಿಲೋ ಮಾತ್ರ, ಎಂದರೆ ಅರ್ಧ ಕ್ವಿಂಟಾಲ್ ಅಕ್ಕಿಮೂಟೆಯಷ್ಟು.

ತ್ರಿಕೋನವೇ ಏಕೆ? ನಾಲ್ಕು ಬಿದಿರಿನ ತುಂಡುಗಳನ್ನು ಚೌಕವಾಗಿ ಕಟ್ಟಿ ಒಂದು ಮೂಲೆಯನ್ನು ತಳ್ಳಿ ನೋಡಿ. ಚೌಕ ವಾಲುತ್ತದೆ. ಮೂರು ತುಂಡುಗಳನ್ನು ತ್ರಿಕೋನವಾಗಿ ಕಟ್ಟಿದರೆ, ಬಿದಿರು ಮುರಿಯುವವರೆಗೂ ಅದು ವಾಲುವುದಿಲ್ಲ. ಹಳೆಯ ರೈಲು ನಿಲ್ದಾಣಗಳ ಕಬ್ಬಿಣದ ಚಾವಣಿ ನಿಂತಿರುವುದೂ ಇದೇ ತತ್ವದ ಮೇಲೆ. ಪ್ರತಿಯೊಂದು ಕೊಳವೆಯೂ ಎಳೆತವನ್ನೋ ಒತ್ತಡವನ್ನೋ ಮಾತ್ರ ಹೊರುತ್ತದೆ, ಬಾಗುವ ಕಷ್ಟ ಅದಕ್ಕಿಲ್ಲ. ಆದ್ದರಿಂದ ತೆಳು ಕೊಳವೆಯೇ ಸಾಕು.

ಆದರೆ ಪಂಜರಕ್ಕೆ ಆಳ ಬೇಕು. ಬೆಂಕಿಪೊಟ್ಟಣದ ಒಳಗಿನ ತೆರೆದ ತಟ್ಟೆಯನ್ನು ಎರಡು ತುದಿಗಳಲ್ಲಿ ಹಿಡಿದು ತಿರುಚಿ ನೋಡಿದರೆ ಅದು ಸುಲಭವಾಗಿ ತಿರುಚಿಕೊಳ್ಳುತ್ತದೆ. ತಟ್ಟೆಯ ಗೋಡೆಗಳನ್ನು ಇನ್ನಷ್ಟು ತಗ್ಗಿಸಿ ಕತ್ತರಿಸಿದರೆ ಕೇಳುವುದೇ ಬೇಡ. ಕಾರಿನ ನಡುಭಾಗ, ಅಂದರೆ ಮನುಷ್ಯರು ಕೂರುವ ಜಾಗ, ಇಂಥ ತೆರೆದ ತಟ್ಟೆಯೇ. ಅದು ತಿರುಚಿಕೊಳ್ಳದಿರಬೇಕಾದರೆ ಎರಡು ಪಕ್ಕದ ಗೋಡೆಗಳೂ ಎತ್ತರವಾಗಿರಬೇಕು. ಹಾಗೆ ಕೊಳವೆಗಳ ಗೋಡೆ ಕೂತವನ ಮೊಣಕೈ ಮಟ್ಟಕ್ಕೆ ಬಂತು. ಈಗ ಮಾಮೂಲು ಬಾಗಿಲನ್ನು ಇಡುವುದೆಲ್ಲಿ? ಬಾಗಿಲಿಗಾಗಿ ಗೋಡೆಯನ್ನು ಕತ್ತರಿಸಿದರೆ ಪಂಜರವೇ ಸಡಿಲವಾಗುತ್ತದೆ. ಉಳಿದದ್ದು ಒಂದೇ ದಾರಿ. ಬಾಗಿಲನ್ನು ಚಾವಣಿಗೆ ಜೋಡಿಸಿ, ಮೇಲಕ್ಕೆ ತೆರೆಯುವುದು.

ಎರಡು ಬಾಗಿಲುಗಳನ್ನೂ ತೆರೆದು ನಿಲ್ಲಿಸಿದರೆ ಕಾರು ರೆಕ್ಕೆ ಬಿಚ್ಚಿದ ಕಡಲಹಕ್ಕಿಯಂತೆ ಕಾಣುತ್ತಿತ್ತು. ಇಂಗ್ಲಿಷ್ ಜಗತ್ತು ಅದನ್ನು 'ಗಲ್‌ವಿಂಗ್' ಎಂದು ಕರೆಯಿತು. ಫ್ರೆಂಚರಿಗೆ ಅದು ಚಿಟ್ಟೆಯಾಗಿ ಕಂಡಿತು. ಕವಿಕಲ್ಪನೆಯಂತೆ ಕಾಣುವ ಈ ಬಾಗಿಲು ಹುಟ್ಟಿದ್ದು ಬಡ ಎಂಜಿನ್ನಿನಿಂದ ಮತ್ತು ಬೇರೆ ದಾರಿ ಇಲ್ಲದ್ದರಿಂದ ಎಂಬುದನ್ನು ಓದುಗರು ಗಮನಿಸಬೇಕು.

ಪಂದ್ಯದ ಅಂಗಳದಲ್ಲಿ

1952ರ ಮೇ ತಿಂಗಳಲ್ಲಿ ಇಟಲಿಯ ಮಿಲ್ಲೆ ಮಿಲಿಯಾ ರಸ್ತೆ ಓಟಕ್ಕೆ ಈ ಕಾರುಗಳು ಬಂದಾಗ ಬಾಗಿಲಿನ ಬಗ್ಗೆ ಆಕ್ಷೇಪಣೆ ಎದ್ದಿತು. ಆದರೆ ಬಾಗಿಲು ಯಾವ ದಿಕ್ಕಿಗೆ ತೆರೆಯಬೇಕೆಂದು ನಿಯಮಾವಳಿ ಹೇಳಿರಲಿಲ್ಲ. ಸರ್ಕಾರಿ ಕಚೇರಿಯಲ್ಲಿ ದುಡಿದ ಯಾರಿಗಾದರೂ ಇಂಥ ವಾದದ ರುಚಿ ಗೊತ್ತು. ಕಾರುಗಳು ಓಡಿದವು, ಕಾರ್ಲ್ ಕ್ಲಿಂಗ್ ಎರಡನೆಯವನಾಗಿ ಬಂದ. ಮುಂದೆ ಫ್ರಾನ್ಸಿನ ಲೆ ಮಾನ್ ಪಂದ್ಯದ ಹೊತ್ತಿಗೆ ಬಾಗಿಲನ್ನು ಪಕ್ಕದ ಗೋಡೆಯೊಳಕ್ಕೂ ಸ್ವಲ್ಪ ಇಳಿಸಿ ದೊಡ್ಡದು ಮಾಡಲಾಯಿತು.

ಲೆ ಮಾನ್ 24 ಗಂಟೆಗಳ ಓಟ. ಆ ವರ್ಷ ಪಿಯರ್ ಲವೆಗ್ ಎಂಬ ಫ್ರೆಂಚ್ ಚಾಲಕ ತನ್ನ ಟಾಲ್ಬೊ ಕಾರನ್ನು ಜೊತೆಗಾರನಿಗೆ ಕೊಡದೆ ಒಬ್ಬನೇ ಸುಮಾರು 23 ಗಂಟೆ ಓಡಿಸಿ ಬಹಳ ಮುಂದಿದ್ದ. ಕೊನೆಯ ಹೊತ್ತಿನಲ್ಲಿ ಅವನ ಎಂಜಿನ್ ಕೈಕೊಟ್ಟಿತು. ಹಿಂದಿದ್ದ ಮರ್ಸಿಡಿಸ್ ಕೂಪೆಗಳು ಮೊದಲ ಎರಡು ಸ್ಥಾನ ಪಡೆದವು. ಹರ್ಮನ್ ಲಾಂಗ್ ಮತ್ತು ಫ್ರಿಟ್ಜ್ ರೀಸ್ ವಿಜಯಿಗಳಾದರು. ಲವೆಗ್‌ನ ಹೆಸರು ನೆನಪಿರಲಿ, ಅವನು ಮತ್ತೆ ಬರುತ್ತಾನೆ.

ಅದೇ ಆಗಸ್ಟಿನಲ್ಲಿ ಜರ್ಮನಿಯ ನ್ಯೂರ್ಬರ್ಗ್‌ರಿಂಗ್‌ನಲ್ಲಿ ಪಂದ್ಯ. ಅದು ಗುಡ್ಡಗಾಡಿನ, ತಿರುವುಗಳೇ ತುಂಬಿದ ದಾರಿ. ಅಲ್ಲಿ ನೇರ ವೇಗಕ್ಕಿಂತ ಹಗುರ ಮೈ ಮತ್ತು ಸುತ್ತ ಕಾಣುವ ಕಣ್ಣು ಮುಖ್ಯ. ಇಂಜಿನಿಯರುಗಳು ಚಾವಣಿಯನ್ನೇ ತೆಗೆದುಹಾಕಿ ಕಾರುಗಳನ್ನು ಇಳಿಸಿದರು. ಮೊದಲ ನಾಲ್ಕು ಸ್ಥಾನಗಳೂ ಈ ತೆರೆದ ಕಾರುಗಳಿಗೇ ಬಂದವು. ಒಂದೇ ಕಾರು, ಒಂದೇ ವರ್ಷ. ಉದ್ದ ದಾರಿಗೆ ಮುಚ್ಚಿದ್ದು, ತಿರುವಿನ ದಾರಿಗೆ ತೆರೆದದ್ದು. ಪಂದ್ಯದವರಿಗೆ ಇದು ದಾರಿ ನೋಡಿ ತೀರ್ಮಾನಿಸುವ ವಿಷಯವಾಗಿತ್ತು.

ನವೆಂಬರಿನಲ್ಲಿ ಮೆಕ್ಸಿಕೋ ದೇಶದ ಉದ್ದಗಲ ದಾಟುವ ಕರೇರಾ ಪಾನಾಮೆರಿಕಾನಾ ಓಟ. ಕ್ಲಿಂಗ್ ಮತ್ತು ಲಾಂಗ್ ಕೂಪೆಗಳಲ್ಲಿ ಓಡಿದರು. ಅಮೆರಿಕದ ಜಾನ್ ಫಿಚ್‌ಗೆ ತೆರೆದ ಕಾರು ಸಿಕ್ಕಿತು. ದಾರಿಯಲ್ಲಿ ಸುಮಾರು 200 ಕಿ.ಮೀ. ವೇಗದಲ್ಲಿದ್ದಾಗ ಒಂದು ರಣಹದ್ದು ಕ್ಲಿಂಗ್‌ನ ಕಾರಿನ ಮುಂಗಾಜನ್ನು ಒಡೆದುಕೊಂಡು ಒಳಗೆ ಬಂತು. ಪಕ್ಕದಲ್ಲಿ ಕೂತಿದ್ದ ಹಾನ್ಸ್ ಕ್ಲೆಂಕ್‌ಗೆ ಪೆಟ್ಟಾಯಿತು. ರಕ್ತ ಸುರಿಯುತ್ತಿದ್ದರೂ ಅವನು ನಿಲ್ಲಿಸಬೇಡವೆಂದ. ಮುಂದಿನ ಹಂತಕ್ಕೆ ಮುಂಗಾಜಿನ ಎದುರು ಉಕ್ಕಿನ ಎಂಟು ಸರಳುಗಳನ್ನು ಕಟ್ಟಿಕೊಂಡು ಹೊರಟರು, ಗೆದ್ದರು. ಲಾಂಗ್ ಎರಡನೆಯವನಾದ. ಚೆನ್ನಾಗಿ ಓಡಿದ್ದ ಫಿಚ್‌ನನ್ನು ಮಾತ್ರ ನಿಯಮಭಂಗದ ಕಾರಣ ಪಂದ್ಯದಿಂದ ಕೈಬಿಟ್ಟರು.

ಮಾರಾಟಕ್ಕೆ ಬಂದ ಕಡಲಹಕ್ಕಿ

ಈ ಕಾರನ್ನು ಮಾರುವ ಯೋಚನೆ ಕಂಪನಿಗೆ ಇರಲಿಲ್ಲ. ಅದಕ್ಕೆ ಒತ್ತಾಯಿಸಿದವನು ನ್ಯೂಯಾರ್ಕಿನಲ್ಲಿ ಐರೋಪ್ಯ ಕಾರುಗಳನ್ನು ತರಿಸಿ ಮಾರುತ್ತಿದ್ದ, ಆಸ್ಟ್ರಿಯಾ ಮೂಲದ ಮ್ಯಾಕ್ಸ್ ಹಾಫ್‌ಮನ್. ಹಣವಂತ ಅಮೆರಿಕನ್ನರು ಇಂಥ ಕಾರಿಗೆ ಕಾದಿದ್ದಾರೆಂಬುದು ಅವನ ವಾದ. 1954ರ ಫೆಬ್ರವರಿಯಲ್ಲಿ ನ್ಯೂಯಾರ್ಕ್ ಪ್ರದರ್ಶನದಲ್ಲಿ 300 ಎಸ್‌ಎಲ್ ಕೂಪೆ ರೆಕ್ಕೆ ಬಿಚ್ಚಿ ನಿಂತಿತು. ಜರ್ಮನಿಯಲ್ಲಿ ಅದರ ಬೆಲೆ 29,000 ಮಾರ್ಕ್.

ಸ್ವಾರಸ್ಯವೆಂದರೆ ಮಾರಾಟದ ಕಾರು ಪಂದ್ಯದ ಕಾರಿಗಿಂತ ಬಲಶಾಲಿಯಾಗಿತ್ತು: 215 ಅಶ್ವಶಕ್ತಿ. ಹಿಂದಿನ ಗಿಯರಿಗೆ ತಕ್ಕಂತೆ ಗಂಟೆಗೆ 250 ಕಿ.ಮೀ. ದಾಟುವ ವೇಗ. ಇದಕ್ಕೆ ಕಾರಣ, ಕಾರ್ಬುರೇಟರ್ ತೆಗೆದು ಪೆಟ್ರೋಲನ್ನು ನೇರವಾಗಿ ಸಿಲಿಂಡರಿನೊಳಕ್ಕೆ ಚಿಮ್ಮಿಸುವ ಬಾಷ್ ಕಂಪನಿಯ ಪಂಪು. ಯುದ್ಧಕಾಲದ ಜರ್ಮನ್ ವಿಮಾನ ಎಂಜಿನ್ನುಗಳಲ್ಲಿ ಪಳಗಿದ ವಿದ್ಯೆ ಇದು. ನಾಲ್ಕು ಹೊಡೆತದ ಪೆಟ್ರೋಲ್ ಎಂಜಿನ್ನಿನ ಮಾರಾಟದ ಕಾರುಗಳಲ್ಲಿ ಇದನ್ನು ಮೊದಲು ಪಡೆದದ್ದು 300 ಎಸ್‌ಎಲ್. ಬೆಂಗಳೂರಿನ ಆಡುಗೋಡಿಯಲ್ಲಿ 1950ರ ದಶಕದಿಂದ ಡೀಸೆಲ್ ಎಂಜಿನ್ನಿನ ಪಂಪುಗಳನ್ನು ಮಾಡುತ್ತಿದ್ದ ನಮ್ಮ ಮೈಕೋ ಕಾರ್ಖಾನೆ ಇದೇ ಬಾಷ್ ಬಳಗದ್ದು. ಪಂಪು ಬೇರೆಯಾದರೂ, ಇಂಧನವನ್ನು ಅಳೆದು ಚಿಮ್ಮಿಸುವ ವಿದ್ಯೆಯ ಮನೆತನ ಒಂದೇ.

ಕೊಂಡವರು ಹೊಗಳಿದರು. ಜೊತೆಗೆ ಗೊಣಗಿದರು. ಒಳಗೆ ಹೋಗಬೇಕಾದರೆ ಅಗಲವಾದ ಎತ್ತರದ ಹೊಸ್ತಿಲಿನ ಮೇಲೆ ಕುಳಿತು, ಕಾಲುಗಳನ್ನು ಒಳಕ್ಕೆ ಹೊರಳಿಸಿ, ಜಾರಿ ಇಳಿಯಬೇಕು. ಇದಕ್ಕೆ ಅನುಕೂಲವಾಗಲೆಂದು ಸ್ಟಿಯರಿಂಗ್ ಚಕ್ರವನ್ನೇ ಮಡಚುವಂತೆ ಮಾಡಿದ್ದರು. ಅಲ್ಲಿಯ ಹೆಂಗಸರಿಗೆ ತಮ್ಮ ಲಂಗದಲ್ಲಿ ಇದು ಮುಜುಗರದ ಕೆಲಸವಾಗಿತ್ತು. ಸೀರೆ ಉಟ್ಟವರ ಪಾಡನ್ನು ನಮ್ಮ ಮನೆಯವರೇ ಊಹಿಸಿಕೊಳ್ಳಲಿ. ಕಿಟಕಿಯ ಗಾಜು ಕೆಳಗಿಳಿಯುತ್ತಿರಲಿಲ್ಲ, ಬೇಕಾದರೆ ಪೂರ್ತಿ ಕಳಚಿ ಇಡಬೇಕಿತ್ತು. ಬೇಸಿಗೆಯಲ್ಲಿ ಒಳಗೆಲ್ಲ ಎಂಜಿನ್ನಿನ ಕಾವು. ಹಿಂದೆ ಪೆಟ್ರೋಲ್ ಟ್ಯಾಂಕು ಮತ್ತು ಬದಲಿ ಚಕ್ರವೇ ಜಾಗ ತಿಂದದ್ದರಿಂದ ಪೆಟ್ಟಿಗೆಗಳನ್ನು ಸೀಟಿನ ಹಿಂದೆ ತುರುಕಬೇಕು. ಕಾರು ಮಗುಚಿದರೆ ಮೇಲಕ್ಕೆ ತೆರೆಯುವ ಬಾಗಿಲು ತೆರೆಯುವುದಾದರೂ ಹೇಗೆ ಎಂಬ ಭಯವೂ ಇತ್ತು.

ಇವೆಲ್ಲಕ್ಕಿಂತ ಗಂಭೀರವಾದದ್ದು ಹಿಂದಿನ ಅಚ್ಚಿನ ದೋಷ. ಎಡಬಲದ ಅಚ್ಚುಗಳು ನಡುವಿನ ಎರಡು ಕೀಲುಗಳಿಂದ ತೂಗುವ ಹಳೆಯ ಪದ್ಧತಿ ಇದರದು, ಕೀಲುಗಳಿದ್ದದ್ದೂ ಎತ್ತರದಲ್ಲಿ. ತಿರುವಿನಲ್ಲಿ ವೇಗವಾಗಿ ಹೋಗುತ್ತಿದ್ದವನು ಬೆದರಿ ಥಟ್ಟನೆ ಆಕ್ಸಿಲರೇಟರಿನಿಂದ ಕಾಲು ತೆಗೆದರೆ ಹಿಂಭಾಗ ಮೇಲೇಳುತ್ತಿತ್ತು, ಚಕ್ರ ಒಳಕ್ಕೆ ಮಡಚಿ ಹಿಡಿತ ಬಿಡುತ್ತಿತ್ತು, ಕಾರು ಗಿರ್ರನೆ ತಿರುಗುತ್ತಿತ್ತು. ನುರಿತ ಚಾಲಕನಿಗೆ ಇದು ತಿಳಿದ ವಿಷಯ. ಹಣ ಕೊಟ್ಟು ಕೊಂಡ ಸಾಮಾನ್ಯನಿಗೆ ತಿಳಿಯುವ ಹೊತ್ತಿಗೆ ತಡವಾಗಿರಬಹುದು.

1955ರ ಆ ಸಂಜೆ

ಮಾರಾಟದ ಕಾರಿನ ಸ್ಥಿತಿ ಹೀಗಿರಲು, ಕಂಪನಿ 1955ರಲ್ಲಿ 300 ಎಸ್‌ಎಲ್‌ಆರ್ ಎಂಬ ಬೇರೆಯೇ ಓಟದ ಕಾರನ್ನು ಹೊರತಂದಿತು. ಹೆಸರಿನಲ್ಲಿ ಸಾಮ್ಯವಿದ್ದರೂ ಇದು ಎಂಟು ಸಿಲಿಂಡರಿನ ಶುದ್ಧ ಪಂದ್ಯದ ಗಾಡಿ, ಚಾವಣಿ ಇಲ್ಲದ್ದು. ಮೇ 1ರಂದು ಸ್ಟರ್ಲಿಂಗ್ ಮಾಸ್ ಇದರಲ್ಲಿ ಮಿಲ್ಲೆ ಮಿಲಿಯಾವನ್ನು 10 ಗಂಟೆ 7 ನಿಮಿಷ 48 ಸೆಕೆಂಡುಗಳಲ್ಲಿ ಗೆದ್ದ. ಅದೇ ಪಂದ್ಯದಲ್ಲಿ ಜಾನ್ ಫಿಚ್ ಮಾರಾಟದ ಮಾದರಿಯ ಗಲ್‌ವಿಂಗ್ ಕೂಪೆಯನ್ನೇ ಓಡಿಸಿ ಒಟ್ಟಾರೆ ಐದನೆಯವನಾದ.

ಜೂನ್ 11ರಂದು ಲೆ ಮಾನ್. ಮೂರು ವರ್ಷಗಳ ಹಿಂದೆ ಮರ್ಸಿಡಿಸ್ ಗೆಲುವಿಗೆ ಸೋತು ದಾರಿ ಕೊಟ್ಟಿದ್ದ ಲವೆಗ್ ಈಗ ಅದೇ ಕಂಪನಿಯ ಆಹ್ವಾನದ ಮೇಲೆ ಅದರ ಕಾರಿನಲ್ಲಿದ್ದ. ಮುಂದಿದ್ದ ಕಾರಿಗೆ ತಗುಲಿ ಅವನ ಕಾರು ಹಾರಿ ಪ್ರೇಕ್ಷಕರ ಕಡೆಗೆ ಬಿತ್ತು. ಅವನ ಜೊತೆಗೆ 80ಕ್ಕೂ ಹೆಚ್ಚು ಪ್ರೇಕ್ಷಕರು ಪ್ರಾಣ ಕಳೆದುಕೊಂಡರು. ಮೋಟಾರು ಪಂದ್ಯಗಳ ಚರಿತ್ರೆಯಲ್ಲಿ ಇದಕ್ಕಿಂತ ಘೋರವಾದ ದಿನ ಇನ್ನೊಂದಿಲ್ಲ. ಚಾವಣಿ ಇದ್ದಿದ್ದರೆ ಈ ದುರಂತ ತಪ್ಪುತ್ತಿತ್ತೆಂದು ಹೇಳಲು ಆಧಾರವಿಲ್ಲ. ಆದರೆ ವೇಗದ ಚರ್ಚೆ ಕೊನೆಗೆ ಮನುಷ್ಯರ ಪ್ರಾಣಕ್ಕೆ ಬಂದು ನಿಲ್ಲುತ್ತದೆ ಎಂಬುದನ್ನು ಆ ಸಂಜೆ ಮರೆಯಲಾಗದಂತೆ ತೋರಿಸಿತು.

ಆ ವರ್ಷದ ಮೆಕ್ಸಿಕೋ ಓಟಕ್ಕಾಗಿ ಊಲೆನ್‌ಹೌಟ್ ಅದೇ 300 ಎಸ್‌ಎಲ್‌ಆರ್‌ಗೆ ಚಾವಣಿ ಹಾಕಿ, ಗಲ್‌ವಿಂಗ್ ಬಾಗಿಲಿಟ್ಟು ಎರಡು ಕೂಪೆಗಳನ್ನು ಕಟ್ಟಿದ್ದರು. ದುರಂತದ ನಂತರ ಆ ಓಟವೇ ರದ್ದಾಯಿತು. ವರ್ಷದ ಕೊನೆಗೆ ಕಂಪನಿ ಪಂದ್ಯಗಳಿಂದ ಹಿಂದೆ ಸರಿಯಿತು. ಒಂದು ಪಂದ್ಯವನ್ನೂ ಓಡದ ಆ ಕಾರನ್ನು ಊಲೆನ್‌ಹೌಟ್ ತಮ್ಮ ಓಡಾಟಕ್ಕೆ ಬಳಸಿಕೊಂಡರು.

ಎಲುಬನ್ನು ಬದಲಿಸಿದ ರೋಡ್‌ಸ್ಟರ್

ಅತ್ತ ಅಮೆರಿಕದಿಂದ, ಅದರಲ್ಲೂ ವರ್ಷವಿಡೀ ಬಿಸಿಲಿರುವ ಕ್ಯಾಲಿಫೋರ್ನಿಯಾದಿಂದ, ತೆರೆದ ಕಾರಿಗೆ ಬೇಡಿಕೆ ಏರಿತು. 1957ರ ಮಾರ್ಚಿನಲ್ಲಿ ಜಿನೀವಾ ಪ್ರದರ್ಶನದಲ್ಲಿ 300 ಎಸ್‌ಎಲ್ ರೋಡ್‌ಸ್ಟರ್ ಕಾಣಿಸಿಕೊಂಡಿತು. ಅದೇ ವರ್ಷ ಕೂಪೆಯ ತಯಾರಿಕೆ ನಿಂತಿತು. ಹೀಗೆ ಹೊಸ ಕಾರು ಕೊಳ್ಳಲು ಬಂದವನ ಮುಂದೆ ಎರಡನ್ನೂ ಇಟ್ಟು ಆರಿಸಿಕೋ ಎಂದು ಯಾರೂ ಹೇಳಲಿಲ್ಲ. ಆಯ್ಕೆಯನ್ನು ಕಾರ್ಖಾನೆಯೇ ಮಾಡಿತ್ತು.

ಕೂಪೆಯ ತಲೆ ಕತ್ತರಿಸಿದರೆ ರೋಡ್‌ಸ್ಟರ್ ಆಯಿತೆಂದು ನೋಡುವವರಿಗೆ ಅನಿಸಬಹುದು. ಆದರೆ ಬಾಗಿಲು ತೂಗುತ್ತಿದ್ದುದೇ ಚಾವಣಿಯಿಂದ! ಚಾವಣಿ ಹೋದರೆ ಬಾಗಿಲು ಪಕ್ಕಕ್ಕೆ ತೆರೆಯಬೇಕು, ಅದಕ್ಕಾಗಿ ಪಕ್ಕದ ಗೋಡೆ ತಗ್ಗಬೇಕು, ಗೋಡೆ ತಗ್ಗಿದರೆ ಬೆಂಕಿಪೊಟ್ಟಣದ ತಟ್ಟೆ ತಿರುಚಿಕೊಳ್ಳುತ್ತದೆ. ಆದ್ದರಿಂದ ಪಂಜರವನ್ನೇ ಹೊಸದಾಗಿ ಲೆಕ್ಕ ಹಾಕಿದರು. ಕೆಳಭಾಗವನ್ನು ಬಲಪಡಿಸಿ, ಓರೆ ಕೊಳವೆಗಳ ಆಧಾರ ಕೊಟ್ಟು, ಗೋಡೆಯಲ್ಲಿ ಕಳೆದುಕೊಂಡ ಬಿಗಿಯನ್ನು ಬೇರೆಡೆಯಲ್ಲಿ ತುಂಬಿದರು. ತೂಕ ಹೆಚ್ಚಿತು. ಬೆಲೆಯೂ 32,500 ಮಾರ್ಕ್‌ಗೆ ಏರಿತು.

ಇಷ್ಟು ಬಿಚ್ಚಿದ ಮೇಲೆ ಹಳೆಯ ತಪ್ಪುಗಳನ್ನೂ ಸರಿಪಡಿಸಿದರು. ಹಿಂದಿನ ಅಚ್ಚಿಗೆ ತಗ್ಗಿನಲ್ಲಿ ಒಂದೇ ಕೀಲಿಟ್ಟು, ಎರಡು ಚಕ್ರಗಳನ್ನು ಸಮತೂಗಿಸುವ ಅಡ್ಡ ಸ್ಪ್ರಿಂಗ್ ಕೊಟ್ಟರು. ತಿರುವಿನಲ್ಲಿ ಕಾರು ಬೆನ್ನು ತಿರುಗಿಸುವ ಗುಣ ಬಹಳ ಕಡಿಮೆಯಾಯಿತು. ಟ್ಯಾಂಕನ್ನು ಚಿಕ್ಕದು ಮಾಡಿ ಸಾಮಾನಿಗೆ ಜಾಗ ಮಾಡಿದರು. ಕಿಟಕಿಯ ಗಾಜು ಇಳಿಯತೊಡಗಿತು. 1958ರಿಂದ, ಬೇಕೆಂದವರಿಗೆ ಕಳಚಿಡಬಹುದಾದ ಗಟ್ಟಿ ಚಾವಣಿಯನ್ನೂ ಕೊಟ್ಟರು. 1961ರಲ್ಲಿ ನಾಲ್ಕು ಚಕ್ರಗಳಿಗೂ ಡಿಸ್ಕ್ ಬ್ರೇಕ್ ಬಂತು. 1963ರಲ್ಲಿ ತಯಾರಿಕೆ ನಿಂತಾಗ ಲೆಕ್ಕ ಹೀಗಿತ್ತು: ಕೂಪೆ 1,400, ಅದರಲ್ಲಿ ಅಲ್ಯೂಮಿನಿಯಂ ಮೈಯುಳ್ಳವು 29. ರೋಡ್‌ಸ್ಟರ್ 1,858.

ಯಾವುದು ಮೇಲು?

ಇಂದು ಈ ಹಳೆಯ ಕಾರುಗಳನ್ನು ಸಂಗ್ರಹಿಸುವ ಸಿರಿವಂತರು ಕೂಪೆಗೇ ಮರುಳಾಗುತ್ತಾರೆ. ಕಡಲಹಕ್ಕಿಯ ರೆಕ್ಕೆಯ ಮೋಡಿ ಅಂಥದ್ದು. ಊಲೆನ್‌ಹೌಟ್ ಬಳಸಿದ ಮಾದರಿಯ ಆ ಎರಡು ಕೂಪೆಗಳಲ್ಲಿ ಒಂದನ್ನು 2022ರ ಮೇ ತಿಂಗಳಲ್ಲಿ ಕಂಪನಿ ಹರಾಜು ಹಾಕಿದಾಗ 13.5 ಕೋಟಿ ಯೂರೋ ಬಂತು. ಅಲ್ಲಿಯವರೆಗೆ ಯಾವ ಕಾರಿಗೂ ಅಷ್ಟು ಬೆಲೆ ಸಂದಿರಲಿಲ್ಲ. ಆ ಹಣವನ್ನು ಯುವಜನರ ವಿದ್ಯಾರ್ಥಿವೇತನದ ನಿಧಿಗೆ ಇಡಲಾಯಿತು.

ಕಂಪನಿ ತಾನೂ ಆ ಮೋಡಿಯನ್ನು ಮರೆಯಲಿಲ್ಲ. 2009ರಲ್ಲಿ ಎಸ್‌ಎಲ್‌ಎಸ್ ಎಂಬ ಹೊಸ ಕೂಪೆಗೆ ಅದೇ ರೆಕ್ಕೆಯ ಬಾಗಿಲಿಟ್ಟಿತು. ಈ ಬಾರಿ ಅದು ಅನಿವಾರ್ಯವಾಗಿರಲಿಲ್ಲ, ಬೇಕೆಂದೇ ಇಟ್ಟದ್ದು. ಮಗುಚಿದರೆ ಸಿಡಿದು ಬಾಗಿಲನ್ನು ಬಿಡಿಸುವ ಬೋಲ್ಟುಗಳನ್ನು ಜೋಡಿಸಿ ಹಳೆಯ ಭಯಕ್ಕೂ ಉತ್ತರ ಕೊಟ್ಟರು. 2011ರಲ್ಲಿ ಅದರ ರೋಡ್‌ಸ್ಟರ್ ಬಂದಾಗ ಮತ್ತೆ ಮಾಮೂಲು ಬಾಗಿಲು! ಈಗಿನ ಕೆಲವು ಸೂಪರ್‌ಕಾರುಗಳಲ್ಲಿ ಇಂಗಾಲದ ನಾರಿನ ತೊಟ್ಟಿಯೇ ಎಲ್ಲ ಭಾರವನ್ನೂ ಹೊರುವುದರಿಂದ ಚಾವಣಿಯ ಹಂಗು ಬಹಳ ಕಡಿಮೆ. ಮ್ಯಾಕ್‌ಲಾರೆನ್ ಕಂಪನಿ 2012ರಲ್ಲಿ ತನ್ನ 12ಸಿ ಕಾರಿನ ತೆರೆದ ಮಾದರಿಯನ್ನು ತಂದಾಗ ತೂಕ ಹೆಚ್ಚಿದ್ದು ಕೇವಲ 40 ಕಿಲೋ. ಈಗಿನ ಗಿರಾಕಿ ಅಭಿರುಚಿಯ ಮೇಲೆ ಆರಿಸಿಕೊಳ್ಳಬಲ್ಲ. ಆ ಸ್ವಾತಂತ್ರ್ಯದ ಹಿಂದೆ ಇಂಜಿನಿಯರುಗಳ ಅರವತ್ತು ವರ್ಷಗಳ ದುಡಿಮೆಯಿದೆ.

1950ರ ದಶಕದ ಆ ಎರಡರಲ್ಲಿ ಯಾವುದು ಮೇಲೆಂದು ನನ್ನನ್ನು ಕೇಳಿದರೆ, ಬಹುಮತಕ್ಕೆ ವಿರುದ್ಧವಾಗಿ, ರೋಡ್‌ಸ್ಟರ್ ಎನ್ನುತ್ತೇನೆ. ಅದು ಕೂಪೆಯ ಮೆತ್ತಗಾದ ತಮ್ಮನೆಂದು ಬರೆಯುವವರಿದ್ದಾರೆ. ನಾನು ಒಪ್ಪುವುದಿಲ್ಲ. ಕೂಪೆಯ ಬಾಗಿಲು ಇಕ್ಕಟ್ಟಿನಲ್ಲಿ ಹೊಳೆದ ಜಾಣ ಉಪಾಯ, ಅದಕ್ಕೆ ಜಗತ್ತು ಚಪ್ಪಾಳೆ ತಟ್ಟಿತು. ಆ ಚಪ್ಪಾಳೆ ಇನ್ನೂ ನಿಂತಿರದಿದ್ದಾಗಲೇ ಅದೇ ಜನ ಕುಳಿತು, ಕಾವನ್ನೂ ಹೊಸ್ತಿಲನ್ನೂ ಪ್ರಾಣಕ್ಕೆ ಎರವಾಗಬಲ್ಲ ಅಚ್ಚನ್ನೂ ಒಂದೊಂದಾಗಿ ಪಟ್ಟಿ ಮಾಡಿ, ಎಲುಬಿನಿಂದಲೇ ಕಾರನ್ನು ತಿದ್ದಿದರು. ಆ ತಿದ್ದುಪಡಿ ಹೊರಗಿನಿಂದ ಕಾಣುವುದಿಲ್ಲ. ಅದಕ್ಕೆ ಯಾವ ಹಕ್ಕಿಯ ಹೆಸರೂ ಬರಲಿಲ್ಲ.

ಕಡತಗಳ ನಡುವೆ ಇಪ್ಪತ್ತು ವರ್ಷ ಕಳೆದವನಿಗೆ ಇದರ ಬೆಲೆ ಗೊತ್ತು. ಮೊದಲ ಆದೇಶಕ್ಕೆ ಸಹಿ ಹಾಕಲು ಎಲ್ಲರೂ ಮುಂದೆ ಬರುತ್ತಾರೆ. ತಪ್ಪನ್ನು ಒಪ್ಪಿಕೊಂಡು ತಿದ್ದುಪಡಿ ಆದೇಶ ಹೊರಡಿಸುವವರು ವಿರಳ, ಅದನ್ನು ಓದುವವರು ಇನ್ನೂ ವಿರಳ. ಆದರೆ ಮುಂದಿನವರ ಕೆಲಸ ಸುಸೂತ್ರವಾಗಿ ನಡೆಯುವುದು ಆ ಎರಡನೆಯ ಕಾಗದದಿಂದಲೇ.